ಶಾಲೆಯ ಸಮಾಚಾರ
(ಮುಂಬಯಿಯ ಕನ್ನಡ ಪ್ರೌಢಶಾಲೆಯೊಂದರ ಮುಖ್ಯಾಧ್ಯಾಪಕರು ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಹಿರಿಮೆಯನ್ನು ಕೊಂಡಾಡುವುದು ರೂಢಿ. ಅದು ಆಗಬೇಕಾದದ್ದೇ. ಆದರೆ ಸಂಘದವರು ನನ್ನನ್ನು ಕರೆದಾಗ, "ಶಾಲೆ ಹೇಗೆ ನಡೆದಿದೆ ಎಂಬುದನ್ನು ಪಾಲಕರಿಗೆ ತಿಳಿಸಿರಿ" ಎಂದರು. ಆದುದರಿಂದ ಹಿರಿಮೆಯ ಮಾತನ್ನು ನನಗಿಂತ ಬಲ್ಲವರಿಗೆ ಬಿಟ್ಟು, ನಾನು ಹಾಜರಿ ಪುಸ್ತಕವನ್ನೇ ಬಿಚ್ಚುತ್ತೇನೆ.

ಮುಂಬಯಿಯ ಕನ್ನಡ ಶಾಲೆಗಳನ್ನು ಬೆಳೆಸಿದವರು ದುಡಿಯುವ ಜನ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದ ದಕ್ಷಿಣ ಕನ್ನಡದ ಹುಡುಗರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೋಟೆಲಿನ ಮಾಲಕರೂ ಆದರು. ಇಂದು ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ನಮ್ಮ ಬೆಂಚುಗಳ ಮೇಲೆ ಈಗ ಕುಳಿತಿರುವವರು ಬಹುಮಟ್ಟಿಗೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕೆಲವರದು ಲಂಬಾಣಿ, ಕೆಲವರದು ತುಳು, ಬೀದಿಯಲ್ಲಿ ಹಿಂದಿ, ಮರಾಠಿ, ಶಾಲೆಯಲ್ಲಿ ಕನ್ನಡ. ನಾಲ್ಕು ಭಾಷೆಗಳಲ್ಲಿ ಜಗಳವಾಡಬಲ್ಲ ಮಗುವನ್ನು ದಡ್ಡನೆನ್ನುವ ಧೈರ್ಯ ನನಗಿಲ್ಲ.

"ನಿಮ್ಮ ಶಾಲೆಯ ಪಾಠ ಬೇರೆ, ದೊಡ್ಡ ಶಾಲೆಯ ಪಾಠ ಬೇರೆ" ಎಂಬ ಭಾವನೆ ಕೆಲವರಲ್ಲಿ ಉಂಟು. ಇದು ತಪ್ಪು. ಪುಣೆಯಲ್ಲಿ ೧೯೬೭ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆಯು ಪಠ್ಯಪುಸ್ತಕಗಳನ್ನು ಮರಾಠಿ, ಇಂಗ್ಲಿಷುಗಳಂತೆ ಕನ್ನಡದಲ್ಲಿಯೂ ಅಚ್ಚು ಹಾಕಿಸುತ್ತದೆ. ರಾಜ್ಯ ಮಂಡಲಿಯ ಇಂಗ್ಲಿಷ್ ಶಾಲೆಯ ಹುಡುಗ ಓದುವ ಗಣಿತವೇ ನಮ್ಮ ಹುಡುಗನ ಗಣಿತ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ೪೦ ಅಂಕಗಳ ಎರಡು ಪತ್ರಿಕೆಗಳು, ಒಳಪರೀಕ್ಷೆಗೆ ೨೦, ಒಟ್ಟು ೧೦೦. ವಿಜ್ಞಾನಕ್ಕೂ ಹೀಗೆಯೇ. ಪ್ರಮಾಣಪತ್ರವನ್ನು ಕೊಡುವ ಮಂಡಲಿಯೂ ಒಂದೇ.

ಇನ್ನು ಹಾಜರಿಯ ವಿಚಾರ. ದೀಪಾವಳಿಯ ರಜೆಗೆ ಊರಿಗೆ ಹೋದ ಮಕ್ಕಳು ಶಾಲೆ ತೆರೆದ ದಿನ ಬರುವುದಿಲ್ಲ. ಜಾತ್ರೆ, ಮದುವೆ, ಹೊಲದ ರಾಶಿ ಎಂದು ದಿನಗಳು ಉರುಳುತ್ತವೆ. ಊರಿನ ನಂಟು ಬೇಡವೆಂದು ನಾನು ಹೇಳೆನು. ಆದರೆ ಹತ್ತನೆಯ ತರಗತಿಗೆ ಶೇಕಡಾ ೭೫ರ ಹಾಜರಿ ಬೇಕೆಂಬುದು ಮಂಡಲಿಯ ನಿಯಮ. ಪರೀಕ್ಷೆ ಬರುವುದು ಫೆಬ್ರುವರಿ-ಮಾರ್ಚಿನಲ್ಲಿ. ದೀಪಾವಳಿಯ ಬಳಿಕ ಉಳಿಯುವುದೇ ಮೂರು ತಿಂಗಳು. ಅದರಲ್ಲಿ ಹದಿನೈದು ದಿನ ಹೋದರೆ ಬೀಜಗಣಿತದ ಒಂದು ಪಾಠವೇ ಹೋದಂತೆ.

ಮಕ್ಕಳ ಸಂಖ್ಯೆಗೂ ಅಧ್ಯಾಪಕರ ಸಂಖ್ಯೆಗೂ ಇರುವ ಸಂಬಂಧವನ್ನು ತಾವು ತಿಳಿದಿರಬೇಕು. ಸಪ್ಟೆಂಬರ ೩೦ರ ಪಟ ನೋಡಿ ಸರಕಾರವು ಅನುದಾನಿತ ಶಾಲೆಗೆ ಅಧ್ಯಾಪಕರ ಸಂಖ್ಯೆಯನ್ನು ಗೊತ್ತುಮಾಡುತ್ತದೆ. ಇದಕ್ಕೆ ಇಲ್ಲಿ ಸಂಚಮಾನ್ಯತೆ ಎನ್ನುವರು. ಮಕ್ಕಳು ಕಡಿಮೆಯಾದರೆ ಅಧ್ಯಾಪಕರು 'ಹೆಚ್ಚುವರಿ' ಆಗಿ ಬೇರೆಡೆಗೆ ಹೋಗಬೇಕಾಗುತ್ತದೆ. ಮಾಸ್ತರರು ಹೋದರೆಂದು ಇನ್ನಷ್ಟು ಮಕ್ಕಳು ಹೋಗುತ್ತಾರೆ. ಶಾಲೆಗಳು ಮುಚ್ಚುವುದು ಒಂದೇ ದಿನದಲ್ಲಲ್ಲ, ಹೀಗೆ ಒಂದೊಂದೇ ಹೆಸರು ಪಟದಿಂದ ಇಳಿದು.

"ಕನ್ನಡದಲ್ಲಿ ಓದಿದರೆ ಮುಂದೇನು?" ಎಂದು ತಂದೆಯಾದವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಹನ್ನೊಂದನೆಯ ತರಗತಿಯ ವಿಜ್ಞಾನವನ್ನು ಇಲ್ಲಿ ಇಂಗ್ಲಿಷಿನಲ್ಲಿಯೇ ಕಲಿಯಬೇಕು. ಮೊದಲ ಕೆಲವು ತಿಂಗಳು ಕಷ್ಟವಾಗುತ್ತದೆ. ಅದನ್ನು ಮುಚ್ಚಿಡಲಾರೆ. ಆದುದರಿಂದ ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿಯೊಂದು ಪಾರಿಭಾಷಿಕ ಶಬ್ದವನ್ನು ಎರಡೂ ಭಾಷೆಗಳಲ್ಲಿ ಬರೆಯಿಸುತ್ತಿದ್ದೇವೆ. ಲೋಟದ ನೀರಿನಲ್ಲಿಟ್ಟ ಪೆನ್ಸಿಲು ಮುರಿದಂತೆ ಏಕೆ ಕಾಣುತ್ತದೆಂಬುದನ್ನು ಕನ್ನಡದಲ್ಲಿ ಅರಿತವನಿಗೆ ವಕ್ರೀಭವನವೇ ರಿಫ್ರಾಕ್ಷನ್ ಎಂದು ಹೇಳಲು ಒಂದು ನಿಮಿಷ ಸಾಕು. ಅರ್ಥವೇ ಆಗದೆ ಬಾಯಿಪಾಠ ಮಾಡಿದವನಿಗೆ ವರ್ಷವೂ ಸಾಲದು. ಮರಾಠಿಯನ್ನೂ ನಾವು ಅಸಡ್ಡೆ ಮಾಡುತ್ತಿಲ್ಲ. ೨೦೨೦ರ ಕಾಯಿದೆ ಅದನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿದೆ. ಕಾಯಿದೆ ಇರಲಿ, ಅನ್ನ ಕೊಟ್ಟ ನೆಲದ ನುಡಿಯನ್ನು ಕಲಿಯುವುದು ಸಭ್ಯತೆ.

ಒಂದು ಸಣ್ಣ ಸಂಗತಿ, ಆದರೆ ದೊಡ್ಡ ಫಲದ್ದು. ಶಾಲೆಯ ದಾಖಲೆಯಲ್ಲಿ 'ಮಾತೃಭಾಷೆ' ಎಂಬ ಕಲಮು ಇದೆ. ಕನ್ನಡದ ಮನೆಯವರೇ ಅವಸರದಲ್ಲಿ ಅಲ್ಲಿ 'ಹಿಂದಿ' ಎಂದು ಬರೆಯಿಸುವುದುಂಟು. ಕನ್ನಡ ಭಾಷಾ ಅಲ್ಪಸಂಖ್ಯಾತರ ಕಾಲೇಜುಗಳಲ್ಲಿ ನಮ್ಮವರಿಗೆಂದು ಕಾದಿಟ್ಟ ಸ್ಥಾನಗಳನ್ನು ಕೇಳುವಾಗ ಇದೇ ಕಲಮು ಸಾಕ್ಷಿ. ಶಾಲೆ ಬಿಟ್ಟ ಮೇಲೆ ಅದನ್ನು ತಿದ್ದಿಸುವುದು ಪ್ರಯಾಸದ ಕೆಲಸ. ಈಗಲೇ ಬಂದು ನೋಡಿರಿ. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಹೊರನಾಡ ಕನ್ನಡಿಗರಿಗಿರುವ ಅವಕಾಶಕ್ಕೂ ಕನ್ನಡದ ಪರೀಕ್ಷೆಯೊಂದು ಉಂಟು. ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳುಹಿಸುವವರೂ ಇದನ್ನು ಮನಸ್ಸಿನಲ್ಲಿಡಬೇಕು.

ಕೊನೆಯದಾಗಿ, ಎರಡು ಬಗೆಯ ಪಾಲಕರಲ್ಲಿ ಎರಡು ಬಿನ್ನಹ. ನಮ್ಮ ಶಾಲೆಯ ತಂದೆತಾಯಿಗಳೇ, ಓದು ಬಾರದೆಂದು ಸಂಕೋಚಪಟ್ಟು ಪಾಲಕರ ಸಭೆಗೆ ಬಾರದಿರಬೇಡಿ. "ಇವತ್ತು ಏನು ಕಲಿತೆ, ಹೇಳು" ಎಂದು ರಾತ್ರಿ ಊಟದ ಹೊತ್ತಿಗೆ ಕೇಳಲು ಅಕ್ಷರ ಬೇಕಿಲ್ಲ. ಹತ್ತನೆಯದು ಮುಗಿಯುತ್ತಲೇ ಮಗನನ್ನು ಕೆಲಸಕ್ಕೆ, ಮಗಳನ್ನು ಮದುವೆಗೆ ಕಳುಹಿಸುವ ಮುನ್ನ ಒಮ್ಮೆ ನಮ್ಮಲ್ಲಿಗೆ ಬನ್ನಿರಿ. ಶುಲ್ಕವೇ ತೊಡಕಾದರೆ ದಾರಿಯನ್ನು ಕೂಡಿ ಹುಡುಕೋಣ.

ರಾತ್ರಿ ಶಾಲೆಯಿಂದ ಮೇಲೆ ಬಂದ ಹಿರಿಯರೇ, ತಮ್ಮಲ್ಲಿ ಹಣ ಬೇಡಲು ನಾನು ಬಂದಿಲ್ಲ. ಶನಿವಾರ ಒಂದು ತಾಸು ಬಂದು ನಮ್ಮ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಿರಿ, ಒಂದು ಲೆಕ್ಕ ಬಿಡಿಸಿಕೊಡಿರಿ. ತಮ್ಮ ಮೊಮ್ಮಕ್ಕಳನ್ನೂ ಜತೆಗೆ ಕರೆತನ್ನಿರಿ. ಅವರಿಗೆ ಕನ್ನಡದ ಅಕ್ಷರ ಕಲಿಸಲು ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಸಿದ್ಧರಿದ್ದಾರೆ. ಕೊಡುಕೊಳ್ಳುವ ಈ ವ್ಯವಹಾರದಲ್ಲಿ ಯಾರಿಗೂ ನಷ್ಟವಿಲ್ಲ.