ಬಡ್ಡಿಯೂ ಮುಪ್ಪೂ ಒಂದೇ ಬೇರಿನ ಮಾತು

(ಬೆಟ್ಟದಪುರದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಂಡು ಮಾತು ಶುರು ಮಾಡುತ್ತೇವೆ. ಈ ಭಾಗದ ಒಂದು ಸಂಘದಲ್ಲಿ ಹಿರಿಯ ತಾಯಿಯೊಬ್ಬರಿದ್ದರು. ಹೊಗೆಸೊಪ್ಪು ಕಟ್ಟುವ ಕೂಲಿಯಲ್ಲಿ ವಾರಕ್ಕೆ ಹತ್ತು ರೂಪಾಯಿ ಉಳಿಸಿ, ಸಂಘ ಹುಟ್ಟಿದ ದಿನದಿಂದ ಬಂದವರು. ಕಣ್ಣು ಮಂಜಾಯಿತು. "ಇವರು ಬ್ಯಾಂಕಿಗೆ ಓಡಾಡಲಾರರು, ಸಾಲ ಉಳಿಸಿಕೊಂಡು ತೀರಿಹೋದ್ರೆ ಯಾರು ಕಟ್ಟೋದು?" ಅಂತ ಚಿಕ್ಕವರು ಕೇಳಿದರು. ನಾವೂ ತಲೆಯಾಡಿಸಿದೆವು. ಲೆಕ್ಕ ಚುಕ್ತಾ ಮಾಡಿ, ನಡಾವಳಿ ಪುಸ್ತಕದಲ್ಲಿ "ವಯಸ್ಸಾದ ಕಾರಣ" ಅಂತ ಬರೆಸಿದೆವು. ಅವರು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಒಂದೇ ಮಾತು ಕೇಳಿದರು: "ದುಡ್ಡೇನೋ ಕೊಟ್ರಿ. ಮಂಗಳವಾರ ಸಾಯಂಕಾಲ ನಾನೆಲ್ಲಿಗೆ ಹೋಗ್ಲಿ?"

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. "ವಯಸ್ಸಾದ ಕಾರಣ" ಅಂದರೆ ಏನು? ಮುಪ್ಪು ಒಂದು ಕಾರಣವೇ?

ನಮ್ಮ ಧರ್ಮಸಭೆಯ ಹಳೆಯ ಭಾಷೆ ಲ್ಯಾಟಿನ್. ಅದರಲ್ಲಿ ಮುಪ್ಪಿಗೆ 'ಸೆನೆಕ್ಟೂಸ್' ಅನ್ನುತ್ತಾರೆ. 'ಸೆನೆಕ್ಸ್' ಅಂದರೆ ಮುದುಕ. ಅದೇ ಬೇರಿಗೆ 'ಟೂಸ್' ಎಂಬ ಬಾಲ ಸೇರಿದರೆ ಸೆನೆಕ್ಟೂಸ್. ನಾವು ದೊಡ್ಡ ಎಂಬುದಕ್ಕೆ 'ತನ' ಸೇರಿಸಿ ದೊಡ್ಡತನ ಅನ್ನೋದಿಲ್ಲವೇ, ಹಾಗೆ. ನಮ್ಮಲ್ಲಿ ಮುಪ್ಪು, ಮುಪ್ಪನ್ನು, ಮುಪ್ಪಿಗೆ, ಮುಪ್ಪಿನ ಅಂತ ವಿಭಕ್ತಿ ಬದಲಾದಂತೆ ಅಲ್ಲಿ ಸೆನೆಕ್ಟೂಸ್, ಸೆನೆಕ್ಟೂಟೆಮ್, ಸೆನೆಕ್ಟೂಟಿ, ಸೆನೆಕ್ಟೂಟಿಸ್ ಆಗುತ್ತದೆ. ಮುಪ್ಪಿನ ಕಾಲದಲ್ಲಿ ಕೈಬಿಡಬೇಡ ಎಂದು ದೇವರಲ್ಲಿ ಬೇಡುವ 71ನೇ ಕೀರ್ತನೆಯ ಲ್ಯಾಟಿನ್ ಅನುವಾದದಲ್ಲಿ ಇರುವುದು ಇದೇ ಪದ.

ಇದೇ ಬೇರಿನಿಂದ ಹುಟ್ಟಿದ ಇನ್ನೆರಡು ಮಾತು ನಿಮಗೆ ಗೊತ್ತೇ ಇದೆ. 'ಸೀನಿಯರ್' ಅಂದರೆ ಇನ್ನೊಬ್ಬರಿಗಿಂತ ಹಿರಿಯರು. 'ಸೆನೆಟ್' ಅಂದರೆ ರೋಮಿನ ಹಿರಿಯರ ಸಭೆ. ವಯಸ್ಸಾದವರನ್ನು ಹೊರಗೆ ಕಳಿಸಲಿಲ್ಲ, ಸಭೆಯ ಒಳಗೆ ಕೂರಿಸಿದರು. ಆದರೆ ಒಂದು ಸಂಗತಿ ಗಮನಿಸಿ. ಕನ್ನಡದಲ್ಲಿ ಮುಪ್ಪು ನಪುಂಸಕಲಿಂಗ. ಲ್ಯಾಟಿನಿನಲ್ಲಿ ಸೆನೆಕ್ಟೂಸ್ ಸ್ತ್ರೀಲಿಂಗ. ಪದ ಹೆಣ್ಣಾದರೂ ಸೆನೆಟಿನಲ್ಲಿ ಒಬ್ಬ ಹೆಣ್ಣಿಗೂ ಜಾಗವಿರಲಿಲ್ಲ! ಹಿರಿತನದ ಗೌರವ ಅಜ್ಜನಿಗೆ, ಮುಪ್ಪಿನ ಕಷ್ಟ ಅಜ್ಜಿಗೆ. ಇದು ನಮ್ಮ ಊರಿನ ಕಥೆಯೂ ಹೌದಲ್ಲವೇ?

ಈಗ ನಮ್ಮ ಮಾತುಗಳನ್ನು ನೋಡೋಣ. 'ಹಿರಿಯ' ಎಂಬುದು ಹಳಗನ್ನಡದಲ್ಲಿ 'ಪಿರಿಯ', ದೊಡ್ಡದು ಎಂದರ್ಥ. ಪಿರಿಯಾಪಟ್ಟಣ ಎನ್ನುವಾಗ ಆ ಹಳೆಯ 'ಪ'ಕಾರ ಇಂದಿಗೂ ನಮ್ಮ ಬಾಯಲ್ಲಿದೆ. ಇನ್ನು 'ವೃದ್ಧ'. ಸಂಸ್ಕೃತದಲ್ಲಿ ಅದರ ಅರ್ಥ ಬೆಳೆದವನು. 'ವೃದ್ಧಿ' ಅಂದರೆ ಬೆಳವಣಿಗೆ. ಆ ವೃದ್ಧಿಯೇ ಕನ್ನಡದಲ್ಲಿ ತದ್ಭವವಾಗಿ 'ಬಡ್ಡಿ' ಆಯಿತು. ಕೇಳಿದಿರಾ? ನಾವು ವಾರವಾರ ಲೆಕ್ಕ ಹಾಕುವ ಬಡ್ಡಿ ಮತ್ತು ವೃದ್ಧಾಪ್ಯ ಒಂದೇ ಬೇರಿನವು. ಬಡ್ಡಿ ಬೇಕು, ವೃದ್ಧೆ ಬೇಡ ಅಂದರೆ ಹೇಗೆ? ಸಂಘ ಕಟ್ಟಿದಾಗ ಹಾಕಿದ ಮೊದಲ ಹತ್ತು ರೂಪಾಯಿ ಅವರದೇ ಅಲ್ಲವೇ?

ಮುಂದಿನ ವಾರ ನಾವೇ ಆ ತಾಯಿಯ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳಿ ಕರೆತಂದೆವು. ಸಾಲ ಬೇಡ ಅಂದರು. ಉಳಿತಾಯ ಕಟ್ಟಿ, ಜಗಳ ಬಂದಾಗ ಬುದ್ಧಿ ಹೇಳಿದರು. ಯಾರು ಸಾಲ ತೀರಿಸುವವರು, ಯಾರು ತಪ್ಪಿಸುವವರು ಅಂತ ಅವರಿಗೆ ಮೂರು ತಲೆಮಾರಿನ ಲೆಕ್ಕ ಗೊತ್ತಿತ್ತು.

ಸಹೋದರಿಯರೇ, ಮರುಕ ಸಾಲದು, ಕೆಲಸ ಬೇಕು. ಮುಂದಿನ ಸಭೆಯಲ್ಲಿ ಈ ಮೂರು ವಿಷಯ ನಡಾವಳಿಗೆ ಬರಲಿ.

ಒಂದು, ವಯಸ್ಸಿನ ಕಾರಣಕ್ಕೆ ಯಾರನ್ನೂ ಸಂಘದಿಂದ ಬಿಡಿಸುವುದಿಲ್ಲ. ಸಾಲ ಕೊಡಲು ಆಗದಿದ್ದರೂ ಸದಸ್ಯತ್ವ ಇರಲಿ.

ಎರಡು, ನಿಮ್ಮ ಬೀದಿಯಲ್ಲಿ 65 ದಾಟಿದ ಬಡ ತಾಯಂದಿರ ಪಟ್ಟಿ ಮಾಡಿ. ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆ 2007ರಿಂದ ಇದೆ. ಅರ್ಜಿ ಬರೆಯಲು ಒಬ್ಬ ಓದುಬಲ್ಲ ಸದಸ್ಯೆ ಜೊತೆಗೆ ಹೋಗಲಿ.

ಮೂರು, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂದಿದೆ. ತಮ್ಮ ಆದಾಯದಿಂದ ಬದುಕು ನಡೆಸಲಾಗದ ತಂದೆತಾಯಿ, ಅರವತ್ತು ತುಂಬಿದ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಬಹುದು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯವರು ಹುಣಸೂರಿನ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬೇಕು. ಜಮೀನು, ಮನೆ ಮಕ್ಕಳ ಹೆಸರಿಗೆ ಬರೆಯುವ ಮುನ್ನ, "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಮಾತು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಲು ಕಾನೂನಿನಲ್ಲಿ ದಾರಿ ಇದೆ. ಸಹಾಯವಾಣಿ 14567.

2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಸಾರಿದರು. ಆ ದಿನ ಒಂದು ಹಾರ ಹಾಕಿದರೆ ಮುಗಿಯಲಿಲ್ಲ. ಪ್ರತಿ ವಾರದ ಸಭೆಯಲ್ಲಿ ಅವರಿಗೊಂದು ಚಾಪೆ ಹಾಸಿಡೋಣ. ನಾಳೆ ಆ ಚಾಪೆ ನಮ್ಮದೇ.