ಅರ್ಜಿ ಮಗುವಿನದು, ಹೊಣೆ ಪಂಚಾಯತಿಯದು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ, ವಿಕಲಚೇತನ ವಿದ್ಯಾರ್ಥಿಗಳ ವಿದ್ಯಾರ್ಥಿವೇತನ ಕುರಿತು ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ



ವಿಕಲಚೇತನ ವಿದ್ಯಾರ್ಥಿಗಳಿಗೆ ದೊರೆಯುವ ವಿದ್ಯಾರ್ಥಿವೇತನ ಮತ್ತು ಅದಕ್ಕೆ ಅರ್ಜಿ ಸಲ್ಲಿಸುವ ಕ್ರಮದ ಬಗ್ಗೆ ಮಾತನಾಡಲು ನನಗೆ ಸೂಚಿಸಲಾಗಿದೆ. ಇದು ಶಾಲೆಯವರ ಕೆಲಸ ಅಥವಾ ತಂದೆತಾಯಿಯರ ಕೆಲಸ, ಇದರಲ್ಲಿ ಪಂಚಾಯತಿಯ ಪಾತ್ರವೇನು ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ಉತ್ತರ ಕಾನೂನಿನಲ್ಲಿಯೇ ಇದೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2016ರಲ್ಲಿ ಅಂಗೀಕಾರಗೊಂಡು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಶಿಕ್ಷಣಕ್ಕಾಗಿ ಕೈಗೊಳ್ಳಬೇಕಾದ ಕ್ರಮಗಳನ್ನು ಹೇಳುವ ಅದರ 17ನೇ ಪ್ರಕರಣವು ಸರ್ಕಾರದ ಜೊತೆಯಲ್ಲಿಯೇ ಸ್ಥಳೀಯ ಪ್ರಾಧಿಕಾರವನ್ನೂ ಹೆಸರಿಸುತ್ತದೆ. ಸ್ಥಳೀಯ ಪ್ರಾಧಿಕಾರವೆಂದರೆ ಪೌರಸಂಸ್ಥೆ ಅಥವಾ ಪಂಚಾಯತಿ ಎಂದು ಅದೇ ಅಧಿನಿಯಮ ವಿವರಿಸಿದೆ. ಐದು ವರ್ಷಗಳಿಗೊಮ್ಮೆ ವಿಕಲಚೇತನ ಮಕ್ಕಳನ್ನು ಗುರುತಿಸುವ ಸಮೀಕ್ಷೆ, 18 ವರ್ಷದವರೆಗೆ ಉಚಿತ ಪುಸ್ತಕ ಹಾಗೂ ಸಾಧನ ಸಲಕರಣೆ, ಅರ್ಹರಿಗೆ ವಿದ್ಯಾರ್ಥಿವೇತನ, ಇವೆಲ್ಲ ಆ ಪ್ರಕರಣದ ಪಟ್ಟಿಯಲ್ಲಿವೆ. ಸಂವಿಧಾನದ 11ನೇ ಅನುಸೂಚಿ ಪಂಚಾಯತಿಗಳಿಗೆ ವಹಿಸಿರುವ 29 ವಿಷಯಗಳಲ್ಲಿಯೂ ವಿಕಲಚೇತನರ ಕಲ್ಯಾಣ ಸೇರಿದೆ. ಆದುದರಿಂದ ಅರ್ಜಿಗೆ ಸಹಿ ಮಾಡುವುದು ವಿದ್ಯಾರ್ಥಿಯಾದರೂ, ಆ ಅರ್ಜಿ ದಡ ಸೇರುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವೇ ಆಗಿದೆ.

ಯಾರು ಅರ್ಹರು

ವಿಕಲಚೇತನರೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಊರುಗೋಲು, ಗಾಲಿಕುರ್ಚಿ, ಕಪ್ಪು ಕನ್ನಡಕ. 1995ರ ಹಳೆಯ ಕಾಯ್ದೆಯಲ್ಲಿ ಏಳು ವಿಧದ ಅಂಗವೈಕಲ್ಯಗಳು ಮಾತ್ರ ಇದ್ದವು. 2016ರ ಅಧಿನಿಯಮದಲ್ಲಿ 21 ವಿಧಗಳಿವೆ. ಮಂದದೃಷ್ಟಿ, ಶ್ರವಣದೋಷ, ವಾಕ್ ದೋಷ, ಬೌದ್ಧಿಕ ಅಂಗವೈಕಲ್ಯ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಕುಬ್ಜತೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಇವೆಲ್ಲ ಅದರಲ್ಲಿ ಸೇರಿವೆ. ಕಪ್ಪುಹಲಗೆ ಕಾಣದೆ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಹುಡುಗಿಯೂ, ಅಕ್ಷರಗಳು ಕಲಸಿಹೋಗುವ ಕಾರಣಕ್ಕೆ 'ದಡ್ಡ' ಎಂಬ ಹೆಸರು ಹೊತ್ತಿರುವ ಹುಡುಗನೂ ಈ ಪಟ್ಟಿಯೊಳಗೆ ಬರಬಹುದು. ವಿದ್ಯಾರ್ಥಿವೇತನಕ್ಕೆ ಅಂಗವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆ ಪ್ರಮಾಣವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಮಗುವನ್ನು ವೈದ್ಯರ ಮುಂದೆ ಕರೆತರುವುದು ನಮ್ಮ ಕೆಲಸ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಕ್ಕನ ಅಥವಾ ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮಗುವಿನ ನ್ಯೂನತೆಯನ್ನು ಹೊರಗೆ ಹೇಳಿಕೊಳ್ಳದ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿವೆ. ಆದ್ದರಿಂದ ಸಭೆಯಲ್ಲಿ ಮಕ್ಕಳ ಹೆಸರು, ನ್ಯೂನತೆ ಮತ್ತು ಶೇಕಡಾವಾರನ್ನು ಗಟ್ಟಿಯಾಗಿ ಓದಬಾರದು. ಯೋಜನೆಯ ವಿವರವನ್ನು ಸಭೆಯಲ್ಲಿ ತಿಳಿಸೋಣ, ಮಗುವಿನ ವಿಚಾರವನ್ನು ಮನೆಗೆ ಹೋಗಿ ಮಾತನಾಡೋಣ.

ಸಹಾಯ ಯಾವುದು, ಎಲ್ಲಿಂದ

ಸಹಾಯಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವಿದ್ಯಾರ್ಥಿವೇತನ. ಇದು ಒಂದನೇ ತರಗತಿಯಿಂದಲೇ ಆರಂಭವಾಗುತ್ತದೆ. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿ ಮೂಲಕ ಸಲ್ಲಿಸಬೇಕು.

ಎರಡನೆಯದು ಕೇಂದ್ರ ಸರ್ಕಾರದ ಯೋಜನೆ. 9 ಮತ್ತು 10ನೇ ತರಗತಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ, ಪ್ರಥಮ ಪಿಯುಸಿಯಿಂದ ಸ್ನಾತಕೋತ್ತರ ಪದವಿಯವರೆಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದರಲ್ಲಿ ದೊರೆಯುತ್ತವೆ. ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ ಮೂಲಕ ಸಲ್ಲಿಸಬೇಕು. ಈ ಎರಡು ಹಂತಗಳಿಗೂ ಪೋಷಕರ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಮೆಟ್ರಿಕ್ ಪೂರ್ವ ಹಂತದಲ್ಲಿ ಮನೆಯಿಂದ ಶಾಲೆಗೆ ಹೋಗುವವರಿಗೆ ತಿಂಗಳಿಗೆ 500 ರೂಪಾಯಿ, ವಿದ್ಯಾರ್ಥಿನಿಲಯದಲ್ಲಿ ಇರುವವರಿಗೆ 800 ರೂಪಾಯಿ ನಿರ್ವಹಣಾ ಭತ್ಯೆಯಿದೆ. ಇದಲ್ಲದೆ ವರ್ಷಕ್ಕೆ 1,000 ರೂಪಾಯಿ ಪುಸ್ತಕ ಭತ್ಯೆ ಹಾಗೂ ಪ್ರತ್ಯೇಕ ಅಂಗವೈಕಲ್ಯ ಭತ್ಯೆಯೂ ಇದೆ. ಮೆಟ್ರಿಕ್ ನಂತರದ ಹಂತದಲ್ಲಿ ಕಾಲೇಜಿನ ಶುಲ್ಕದ ಮರುಪಾವತಿಯೂ ಸೇರಿರುವುದರಿಂದ, ಎಸ್‌ಎಸ್‌ಎಲ್‌ಸಿಗೆ ಓದು ನಿಲ್ಲಿಸಲು ಹೊರಟಿರುವ ಮಗುವಿಗೆ ಇದೇ ನಿರ್ಣಾಯಕ.

ಮೂರನೆಯದು ಸಮಗ್ರ ಶಿಕ್ಷಣದ ಸೌಲಭ್ಯಗಳು. ವಿಕಲಚೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳ ಪ್ರೋತ್ಸಾಹಧನ, ಅಗತ್ಯವಿರುವವರಿಗೆ ಸಾರಿಗೆ ಮತ್ತು ಬೆಂಗಾವಲು ಭತ್ಯೆ, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ ಇದರಲ್ಲಿವೆ. ಈ ಸೌಲಭ್ಯಗಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಸಂಪರ್ಕಿಸಬೇಕು.

ಮಾಸಾಶನ ಬರುತ್ತಿದೆ, ಅದರಲ್ಲಿಯೇ ಎಲ್ಲವೂ ಸೇರಿದೆ ಎಂದು ಅನೇಕ ಪೋಷಕರು ಭಾವಿಸಿದ್ದಾರೆ. ಮಾಸಾಶನ ಬೇರೆ, ವಿದ್ಯಾರ್ಥಿವೇತನ ಬೇರೆ. ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಲೇಬೇಕು.

ಅರ್ಜಿ ಎಲ್ಲಿ ನಿಲ್ಲುತ್ತದೆ

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ನೀರಿನ ಉದಾಹರಣೆ ಕೊಡುತ್ತೇನೆ, ತಮಗೂ ಅದು ಚಿರಪರಿಚಿತ. ಓವರ್‌ಹೆಡ್ ಟ್ಯಾಂಕ್ ತುಂಬಿರುತ್ತದೆ, ಮೋಟಾರ್ ಸರಿಯಿರುತ್ತದೆ, ಆದರೂ ಕೊನೆಯ ಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ. ಆಗ ಟ್ಯಾಂಕನ್ನು ದೂರಿ ಪ್ರಯೋಜನವಿಲ್ಲ. ಕೊಳವೆಮಾರ್ಗದಲ್ಲಿ ನಡೆದು, ಸೋರುವ ಜೋಡಣೆಯನ್ನು ಹುಡುಕಬೇಕು. ವಿದ್ಯಾರ್ಥಿವೇತನದ ಮಾರ್ಗದಲ್ಲಿ ಅಂತಹ ಜೋಡಣೆಗಳು ಐದು.

ಒಂದು, ವಿಶಿಷ್ಟ ಗುರುತಿನ ಚೀಟಿ. ಯುಡಿಐಡಿ ಎಂದು ಕರೆಯುವ ಈ ಚೀಟಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ, ಬಳಿಕ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಅರ್ಜಿ ಹಾಕಿದ ನಂತರ ತಪಾಸಣೆಗೆ ಹೋಗದೆ ಉಳಿಯುವವರೇ ಬಹಳ. ಪಾವಗಡದಿಂದ ಜಿಲ್ಲಾ ಕೇಂದ್ರ ಸುಮಾರು 100 ಕಿಲೋಮೀಟರ್. ಕೂಲಿ ಬಿಟ್ಟು ನಡೆಯಲಾರದ ಮಗುವನ್ನು ಹೊತ್ತುಕೊಂಡು ತುಮಕೂರಿಗೆ ಹೋಗುವುದು ಬಡ ತಾಯಿಗೆ ಸುಲಭವಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಪ್ರಯಾಣದ ಖರ್ಚು ತಪ್ಪಿದೆ, ಆದರೆ ಕಳೆದ ದಿನದ ಕೂಲಿಯನ್ನು ತುಂಬಿಕೊಡುವವರಿಲ್ಲ. ಇನ್ನೊಂದು ಅಂಶ: ಮಕ್ಕಳಿಗೆ ಕೆಲವೊಮ್ಮೆ ತಾತ್ಕಾಲಿಕ ಪ್ರಮಾಣಪತ್ರ ನೀಡಿರುತ್ತಾರೆ. ಅದರ ಅವಧಿ ಮುಗಿದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಚೀಟಿಯಿದೆಯೇ ಎಂದಷ್ಟೇ ಕೇಳದೆ, ಅದು ಯಾವ ದಿನಾಂಕದವರೆಗೆ ಊರ್ಜಿತ ಎಂಬುದನ್ನೂ ನೋಡಬೇಕು.

ಎರಡು, ಹೆಸರು. ಶಾಲಾ ದಾಖಲೆಯಲ್ಲಿ ಲಕ್ಷ್ಮೀದೇವಿ, ಆಧಾರ್‌ನಲ್ಲಿ ಲಕ್ಷ್ಮಿದೇವಮ್ಮ, ಗುರುತಿನ ಚೀಟಿಯಲ್ಲಿ ಬರೀ ಲಕ್ಷ್ಮಿ ಎಂದಿದ್ದರೆ, ಊರಿನವರಿಗೆ ಅವಳು ಒಬ್ಬಳೇ, ಗಣಕಯಂತ್ರಕ್ಕೆ ಮೂವರು. ಇನಿಷಿಯಲ್ ಹಿಂದೆ ಮುಂದಾದರೂ, ಹುಟ್ಟಿದ ದಿನಾಂಕ ಒಂದು ದಿನ ಬದಲಾದರೂ ಇದೇ ತೊಂದರೆ. ಇದನ್ನು ಅರ್ಜಿಯ ಕೊನೆಯ ವಾರದಲ್ಲಿ ಸರಿಪಡಿಸಲಾಗದು.

ಮೂರು, ಆಧಾರ್. ಮಗುವಿಗೆ ಐದು ವರ್ಷವಾದಾಗ ಮತ್ತು 15 ವರ್ಷವಾದಾಗ ಬೆರಳಚ್ಚು ಹಾಗೂ ಕಣ್ಣಿನ ಗುರುತನ್ನು ನವೀಕರಿಸುವುದು ಕಡ್ಡಾಯ. 15 ವರ್ಷವೆಂದರೆ ಹೆಚ್ಚುಕಡಿಮೆ 9 ಅಥವಾ 10ನೇ ತರಗತಿ, ಕೇಂದ್ರದ ವಿದ್ಯಾರ್ಥಿವೇತನ ಆರಂಭವಾಗುವ ಕಾಲವೇ ಅದು. ಬೆರಳು ಅಥವಾ ಕಣ್ಣಿನ ನ್ಯೂನತೆಯಿರುವ ಮಕ್ಕಳಿಗೆ ಆಧಾರ್ ನೋಂದಣಿಯಲ್ಲಿ ವಿನಾಯಿತಿಯ ಕ್ರಮವಿದೆ. ಆ ಕ್ರಮ ಗೊತ್ತಿಲ್ಲದೆ ಮಗುವನ್ನು ಹಿಂದಕ್ಕೆ ಕಳುಹಿಸಿದರೆ, ಸದಸ್ಯರಾದ ತಾವು ಜೊತೆಯಲ್ಲಿ ನಿಂತು ಕೇಳಬೇಕು.

ನಾಲ್ಕು, ಮೊಬೈಲ್ ಸಂಖ್ಯೆ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಅನೇಕ ಅರ್ಜಿಗಳು ಸಾಯುವುದು ಇಲ್ಲಿಯೇ. ಮನೆಯಲ್ಲಿ ಫೋನ್ ಇಲ್ಲದ ಕಾರಣ ಸೈಬರ್ ಅಂಗಡಿಯವರ ಸಂಖ್ಯೆಯನ್ನೋ ದೂರದ ನೆಂಟರ ಸಂಖ್ಯೆಯನ್ನೋ ಕೊಟ್ಟಿರುತ್ತಾರೆ. ಶಾಲೆ ಅಥವಾ ಕಾಲೇಜು ಅರ್ಜಿಯನ್ನು ಪರಿಶೀಲಿಸಿ, ದಾಖಲೆ ಸರಿಯಿಲ್ಲವೆಂದು ತಿದ್ದುಪಡಿಗೆ ಹಿಂದಿರುಗಿಸುತ್ತದೆ. ಆ ಸಂದೇಶ ಅಂಗಡಿಯವರ ಫೋನಿನಲ್ಲಿಯೇ ಉಳಿಯುತ್ತದೆ. ಕಾಲಾವಕಾಶ ಮುಗಿಯುತ್ತದೆ. 'ಅರ್ಜಿ ಹಾಕಿದ್ದೆವು, ಹಣ ಬರಲಿಲ್ಲ, ಎಲ್ಲ ಸುಳ್ಳು' ಎಂದು ಕುಟುಂಬ ಮುಂದಿನ ವರ್ಷ ಪ್ರಯತ್ನವನ್ನೇ ಬಿಡುತ್ತದೆ. ಹಣ ಕಳೆದುಕೊಂಡದ್ದಕ್ಕಿಂತ ನಂಬಿಕೆ ಕಳೆದುಕೊಂಡದ್ದು ದೊಡ್ಡ ನಷ್ಟ.

ಐದು, ಬ್ಯಾಂಕ್ ಖಾತೆ. ಹಣವು ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಪಾಸ್‌ಬುಕ್ ಇದ್ದರೆ ಸಾಲದು. ವಹಿವಾಟಿಲ್ಲದೆ ನಿಷ್ಕ್ರಿಯವಾಗಿರುವ ಖಾತೆಗೆ, ಆಧಾರ್ ಜೋಡಣೆಯಾಗದ ಖಾತೆಗೆ ಮಂಜೂರಾದ ಹಣವೂ ತಲುಪುವುದಿಲ್ಲ.

ಗಡಿಯ ಹಳ್ಳಿಗಳ ಮಾತು

ನಮ್ಮ ನಾಲ್ಕು ತಾಲ್ಲೂಕುಗಳು ಒಂದೇ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದರೂ ಪಾವಗಡದ ಸ್ಥಿತಿ ಬೇರೆ. ಅದರ ಬಹುಪಾಲು ಗಡಿ ಆಂಧ್ರಪ್ರದೇಶದ್ದು. ನಾಗಲಮಡಿಕೆ, ವೈ.ಎನ್. ಹೊಸಕೋಟೆ ಕಡೆಯ ಮನೆಗಳಲ್ಲಿ ತೆಲುಗು ಮಾತು, ಶಾಲೆಯಲ್ಲಿ ಕನ್ನಡ. ಹತ್ತಿರವೆಂಬ ಕಾರಣಕ್ಕೆ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಾಲೇಜುಗಳಿಗೆ ಹೋಗುವ ಮಕ್ಕಳಿದ್ದಾರೆ. ಶಿರಾ ಮತ್ತು ಮಧುಗಿರಿಯ ಗಡಿ ಹಳ್ಳಿಗಳಿಗೂ ಈ ಮಾತು ಅನ್ವಯಿಸುತ್ತದೆ. ಯುಡಿಐಡಿ ಚೀಟಿ ದೇಶದೆಲ್ಲೆಡೆ ಮಾನ್ಯ, ಗಡಿ ದಾಟಿದರೆ ಹೊಸದಾಗಿ ಮಾಡಿಸಬೇಕಾಗಿಲ್ಲ. ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ವಾಸದ ರಾಜ್ಯ ಕರ್ನಾಟಕವೆಂದೇ ನಮೂದಿಸಬೇಕು. ಸೇರುವ ಕಾಲೇಜು ಆ ಪೋರ್ಟಲ್‌ನಲ್ಲಿ ನೋಂದಾಯಿತವಾಗಿದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸಬೇಕು. ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದವರು ಆ ಕಾಲೇಜಿನವರೇ ಆಗಿರುವುದರಿಂದ, ಅವರು ನೋಂದಾಯಿಸಿಲ್ಲದಿದ್ದರೆ ಅರ್ಜಿಗೆ ದಾರಿಯೇ ಇರುವುದಿಲ್ಲ.

ಪಂಚಾಯತಿ ಮಾಡಬೇಕಾದುದು

ಅರ್ಜಿ ಆಹ್ವಾನಿಸಿದ ಮೇಲೆ ಎಚ್ಚರಗೊಂಡರೆ ತಡವಾಯಿತು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿಯೇ ಕೆಲಸ ಆರಂಭವಾಗಬೇಕು. ಇದಕ್ಕಾಗಿ ಕೆಲವು ಸಲಹೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಮುಖ್ಯ ಶಿಕ್ಷಕರು ಒಟ್ಟಿಗೆ ಕುಳಿತು ಆರರಿಂದ ಪದವಿ ಓದುವ ವಯಸ್ಸಿನವರೆಗಿನ ವಿಕಲಚೇತನರ ಪಟ್ಟಿ ಸಿದ್ಧಪಡಿಸಲಿ. ಶಾಲೆ ಬಿಟ್ಟವರ ಹೆಸರೂ ಅದರಲ್ಲಿರಲಿ. ಪ್ರತಿ ಹೆಸರಿನ ಮುಂದೆ ಮೇಲೆ ಹೇಳಿದ ಐದು ಜೋಡಣೆಗಳಿಗೆ ಐದು ಕಾಲಂ ಹಾಕಿ, ಯಾವುದು ಬಾಕಿಯಿದೆ ಎಂದು ಗುರುತಿಸಲಿ. ಆದಾಯ ಪ್ರಮಾಣಪತ್ರಕ್ಕೆ ಆರನೆಯ ಕಾಲಂ ಇರಲಿ. ನಾಡಕಚೇರಿಯಿಂದ ಪಡೆಯುವ ಈ ಪತ್ರ ಐದು ವರ್ಷ ಊರ್ಜಿತ, ಅದರ ಆರ್‌ಡಿ ಸಂಖ್ಯೆ ಅರ್ಜಿಗೆ ಬೇಕು.

ಎರಡನೆಯದಾಗಿ, ಈ ಪಟ್ಟಿಯ ಪ್ರಗತಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಪ್ರತಿ ತಿಂಗಳು ಚರ್ಚೆಯಾಗಲಿ. ಪ್ರತಿ ವಾರ್ಡಿನ ಸದಸ್ಯರು ತಮ್ಮ ವಾರ್ಡಿನ ಮಕ್ಕಳ ಹೊಣೆ ಹೊರಲಿ. ಒಂದು ವಾರ್ಡಿನಲ್ಲಿ ಇಂತಹ ಮಕ್ಕಳು ಬೆರಳೆಣಿಕೆಯಷ್ಟು, ಆದುದರಿಂದ ಇದು ಮೀರಿದ ಹೊರೆಯಲ್ಲ.

ಮೂರನೆಯದಾಗಿ, ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟು ವಿಕಲಚೇತನರಿಗಾಗಿ ಮೀಸಲಿದೆ. ವರ್ಷದ ಕೊನೆಯಲ್ಲಿ ಖರ್ಚು ತೋರಿಸುವ ಆತುರದಲ್ಲಿ ಅದನ್ನು ಬಳಸುವುದಕ್ಕಿಂತ, ತಪಾಸಣೆಯ ದಿನ ಮಕ್ಕಳನ್ನು ಒಟ್ಟಾಗಿ ಆಸ್ಪತ್ರೆಗೆ ಕರೆದೊಯ್ಯುವ ವಾಹನಕ್ಕೆ ನಿಯಮಾನುಸಾರ ವಿನಿಯೋಗಿಸಲು ಕ್ರಿಯಾಯೋಜನೆಯಲ್ಲಿಯೇ ಸೇರಿಸಬಹುದು.

ನಾಲ್ಕನೆಯದಾಗಿ, ಅರ್ಜಿಯಲ್ಲಿ ಕುಟುಂಬದ್ದೇ ಮೊಬೈಲ್ ಸಂಖ್ಯೆ ಇರಲಿ. ಅರ್ಜಿಯ ಸಂಖ್ಯೆಯನ್ನು ಪಂಚಾಯತಿಯ ವಹಿಯಲ್ಲಿ ಬರೆದಿಟ್ಟು, ಹದಿನೈದು ದಿನಗಳಿಗೊಮ್ಮೆ ಅದರ ಸ್ಥಿತಿಯನ್ನು ಗ್ರಂಥಾಲಯದ ಗಣಕಯಂತ್ರದಲ್ಲಿಯೋ ಕಚೇರಿಯಲ್ಲಿಯೋ ನೋಡುವ ವ್ಯವಸ್ಥೆಯಾಗಲಿ. ಪಾಸ್‌ವರ್ಡ್ ಮತ್ತು ಒಟಿಪಿ ಕುಟುಂಬದ ಬಳಿಯೇ ಇರಬೇಕು, ನಾವು ಅದನ್ನು ಬರೆದಿಟ್ಟುಕೊಳ್ಳಬಾರದು.

ಕಡೆಯದಾಗಿ, ಹಣ ಖಾತೆಗೆ ಬಂದ ದಿನವೇ ಕಡತ ಮುಕ್ತಾಯವಾಯಿತೆಂದು ಭಾವಿಸೋಣ, ಅರ್ಜಿ ಸಲ್ಲಿಸಿದ ದಿನವಲ್ಲ.

ಮಾನ್ಯರೇ, ರಸ್ತೆಯಾದರೆ ಕಣ್ಣಿಗೆ ಕಾಣುತ್ತದೆ, ಚರಂಡಿಯಾದರೆ ಕಣ್ಣಿಗೆ ಕಾಣುತ್ತದೆ. ಒಂದು ಅರ್ಜಿ ಗುರಿ ಮುಟ್ಟಿದ್ದು ಯಾವ ನಾಮಫಲಕದಲ್ಲಿಯೂ ಕಾಣುವುದಿಲ್ಲ. ಆದರೆ ಹತ್ತನೇ ತರಗತಿಗೆ ಮನೆಯಲ್ಲಿ ಉಳಿಯಬೇಕಾಗಿದ್ದ ಹುಡುಗಿ ಪಿಯುಸಿಗೆ ಸೇರುತ್ತಾಳೆ. ಅವಳು ಮುಂದೆ ಓದಿದರೆ, ಉನ್ನತ ಶಿಕ್ಷಣದಲ್ಲಿ ವಿಕಲಚೇತನರಿಗೆ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನ ಮೀಸಲಿಡಬೇಕೆಂದು ಇದೇ ಅಧಿನಿಯಮ ಹೇಳುತ್ತದೆ. ಆ ಸ್ಥಾನದವರೆಗೆ ಅವಳು ತಲುಪಬೇಕಾದರೆ ಈ ವರ್ಷದ ಅರ್ಜಿ ನಿಲ್ಲಬಾರದು. ತಮ್ಮ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ ನಿರ್ಣಯ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.