ಗಾಂದೆನ್ ಮಠದ ದೀಪೋತ್ಸವವು



ಬೌದ್ಧಧರ್ಮವು ಹಬ್ಬಿರುವ ನಾನಾ ದೇಶಗಳಲ್ಲಿ ದೀಪಗಳಿಂದ ಆಚರಿಸಲ್ಪಡುವ ಹಬ್ಬಗಳು ಅನೇಕವಾಗಿರುವವು. ಸಿಂಹಳದ್ವೀಪದಲ್ಲಿ ವೈಶಾಖ ಪೂರ್ಣಿಮೆಯ ರಾತ್ರಿ ಮನೆಮನೆಯ ಮುಂದೆ ಬಿದಿರುಕಡ್ಡಿಗಳಿಗೆ ಬಣ್ಣದ ಕಾಗದವನ್ನು ಹೊದಿಸಿದ ಆಕಾಶಬುಟ್ಟಿಗಳನ್ನು ತೂಗಹಾಕುವರು. ಆ ದೇಶದವರು ಅದನ್ನು 'ಕೂಡು' ಎಂದು ಕರೆಯುವರು. ಕನ್ನಡದ 'ಗೂಡು' ಎಂಬ ಶಬ್ದಕ್ಕೆ ಅದು ತೀರ ಹತ್ತಿರದ್ದು. ಕೊರಿಯಾ ದೇಶದಲ್ಲಿ ಬುದ್ಧಜಯಂತಿಯ ಕಾಲಕ್ಕೆ ತಾವರೆಯ ಆಕಾರದ ಕಾಗದದ ದೀಪಗಳನ್ನು ಹಿಡಿದು ಸಹಸ್ರಾವಧಿ ಜನರು ಮೆರವಣಿಗೆ ಹೊರಡುವರು. ಇವೆಲ್ಲವೂ ಬುದ್ಧದೇವನ ಸ್ಮರಣಾರ್ಥವಾದವುಗಳು. ಆದರೆ ಒಬ್ಬ ಮಠಸ್ಥಾಪಕ ಗುರುವು ದೇಹವನ್ನು ಬಿಟ್ಟ ದಿನವನ್ನೇ ದೀಪದ ಹಬ್ಬವನ್ನಾಗಿ ಮಾಡಿಕೊಂಡ ಜನರೂ ಉಂಟು. ಆ ಹಬ್ಬವು ಹುಟ್ಟಿದ್ದು ಟಿಬೆಟ್ಟಿನಲ್ಲಿ. ಈಗ ಅದು ಕನ್ನಡನಾಡಿನ ಮುಂಡಗೋಡಿನಲ್ಲಿಯೂ ಬೈಲಕುಪ್ಪೆಯಲ್ಲಿಯೂ ನಡೆಯುತ್ತಲಿರುವುದು. ಗುರುಪೀಠಗಳಲ್ಲಿ ಶ್ರದ್ಧೆಯುಳ್ಳ ಭಕ್ತರಿಗೆ ಈ ವೃತ್ತಾಂತವು ಬೋಧಪ್ರದವಾಗಿರುವುದರಲ್ಲಿ ಸಂದೇಹವಿಲ್ಲ.

ಈ ಹಬ್ಬಕ್ಕೆ 'ಗಾಂದೆನ್ ಙಾಮ್‌ಚೋ' ಎಂದು ಹೆಸರು. 'ಗಾಂದೆನ್ ಮಠದ ಇಪ್ಪತ್ತೈದನೆಯ ದಿನದ ಪೂಜೆ' ಎಂಬುದೇ ಅದರ ತಾತ್ಪರ್ಯವು. ಟಿಬೆಟ್ಟಿನ ಪಂಚಾಂಗದಲ್ಲಿ ಹತ್ತನೆಯ ತಿಂಗಳಿನ ೨೫ನೆಯ ತಿಥಿಯಂದು ಇದು ಬರುವುದು. ಇಂಗ್ಲಿಷ್ ತಿಂಗಳಿನ ಲೆಕ್ಕದಲ್ಲಿ ಬಹುಮಟ್ಟಿಗೆ ಡಿಸೆಂಬರಿನಲ್ಲಿ. ಆ ತಿಥಿಯು ಬಹುಳ ದಶಮಿಯಾದುದರಿಂದ ನಡುರಾತ್ರಿ ಕಳೆಯುವ ತನಕ ಚಂದ್ರನು ಕಾಣಿಸುವುದಿಲ್ಲ. ಚಳಿಗಾಲದ ದೀರ್ಘವಾದ ಆ ಕತ್ತಲೆಯಲ್ಲಿ ಹಚ್ಚಿದ ದೀಪವೇ ಬೆಳಕು.

ಯಾರ ಸ್ಮರಣೆಗಾಗಿ ಈ ದೀಪಗಳು? ತ್ಸೋಂಗ್‌ಖಾಪಾ ಎಂಬ ಮಹಾಪಂಡಿತನ ಸ್ಮರಣೆಗಾಗಿ. ಇವನು ಕ್ರಿ. ಶ. ೧೩೫೭ರಲ್ಲಿ ಟಿಬೆಟ್ಟಿನ ಈಶಾನ್ಯಕ್ಕಿರುವ ಆಮ್ದೋ ಸೀಮೆಯ ತ್ಸೋಂಗ್‌ಖಾ ಎಂಬಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಸಂನ್ಯಾಸವನ್ನು ಹೊಂದಿ, ಹದಿನಾರರ ಸುಮಾರಿನಲ್ಲಿ ವಿದ್ಯಾರ್ಜನೆಗಾಗಿ ಮಧ್ಯ ಟಿಬೆಟ್ಟಿಗೆ ಹೊರಟವನು ಮರಳಿ ಹುಟ್ಟೂರನ್ನು ಕಾಣಲಿಲ್ಲ. ಮುಪ್ಪಿನ ತಾಯಿಯು ತನ್ನ ನರೆಗೂದಲೊಂದನ್ನು ಕಳುಹಿಸಿ, 'ಒಮ್ಮೆ ಬಂದು ಹೋಗು' ಎಂದು ಹೇಳಿಕಳುಹಿಸಿದಳೆಂದೂ, ಮಗನು ತಾನು ಬರಲಾರದೆ ತನ್ನ ಚಿತ್ರವನ್ನು ಕಳುಹಿಸಿಕೊಟ್ಟನೆಂದೂ ಆ ನಾಡಿನ ಪರಂಪರೆಯು ಹೇಳುವುದು. ಅವನು ಹುಟ್ಟಿದ ಸ್ಥಳದಲ್ಲಿ ಮುಂದೆ ಕುಂಬುಮ್ ಎಂಬ ದೊಡ್ಡ ಮಠವು ಎದ್ದಿತು.

ತ್ಸೋಂಗ್‌ಖಾಪಾನು ಯಾವ ಒಂದು ಪಂಥದ ಗುರುವಿಗೂ ಅಂಟಿಕೊಳ್ಳದೆ, ಮಠದಿಂದ ಮಠಕ್ಕೆ ನಡೆದು, ಎಲ್ಲ ಪರಂಪರೆಗಳ ಆಚಾರ್ಯರ ಬಳಿಯಲ್ಲಿಯೂ ಶಾಸ್ತ್ರಗಳನ್ನು ಕಲಿತನು. ಭಾರತದ ನಾಗಾರ್ಜುನ, ಚಂದ್ರಕೀರ್ತಿ, ಅತೀಶ ಮೊದಲಾದ ಆಚಾರ್ಯರ ಮತವನ್ನು ಚೆನ್ನಾಗಿ ಶೋಧಿಸಿ, ೧೪೦೨ರಲ್ಲಿ 'ಲಮ್‌ರಿಮ್ ಛೆನ್‌ಮೋ' ಎಂಬ ಮಹಾಗ್ರಂಥವನ್ನು ಪೂರ್ಣಗೊಳಿಸಿದನು. ಸಾಧಕನು ಮೆಟ್ಟಲು ಮೆಟ್ಟಲಾಗಿ ಬೋಧಿಯನ್ನು ಹೇಗೆ ಸೇರಬೇಕೆಂಬುದೇ ಅದರ ವಿಷಯವು. ಸಂನ್ಯಾಸಿಗಳ ಆಚಾರವು ಸಡಿಲಾದರೆ ಮಿಕ್ಕ ಪಾಂಡಿತ್ಯವೆಲ್ಲವೂ ನಿಷ್ಫಲವೆಂಬುದು ಅವನ ದೃಢವಾದ ನಿಲುಮೆಯಾಗಿದ್ದಿತು. ಅದುಕಾರಣ ವಿನಯಶಾಸ್ತ್ರದ ನಿಯಮಗಳನ್ನು ಅವನು ತಾನೂ ಪಾಲಿಸಿ, ಶಿಷ್ಯರಿಂದಲೂ ಪಾಲಿಸಿಸಿದನು.

೧೪೦೯ರಲ್ಲಿ ಅವನು ಲ್ಹಾಸಾ ನಗರದ ಪೂರ್ವಕ್ಕೆ, ನಾಲ್ಕು ಸಾವಿರ ಮೀಟರಿಗೂ ಮಿಕ್ಕಿ ಎತ್ತರವಾದ ಪರ್ವತದ ಮೇಲೆ, ಗಾಂದೆನ್ ಎಂಬ ಮಠವನ್ನು ಸ್ಥಾಪಿಸಿದನು. ಮೈತ್ರೇಯ ಬುದ್ಧನು ವಾಸಿಸುವನೆಂದು ನಂಬಲ್ಪಟ್ಟ ತುಷಿತಲೋಕಕ್ಕೆ ಟಿಬೆಟ್ಟಿನ ಭಾಷೆಯಲ್ಲಿ ಇದೇ ಹೆಸರು. ಅವನ ಶಿಷ್ಯರು ೧೪೧೬ರಲ್ಲಿ ದ್ರೆಪುಂಗ್ ಮಠವನ್ನೂ ೧೪೧೯ರಲ್ಲಿ ಸೆರಾ ಮಠವನ್ನೂ ಕಟ್ಟಿದರು. ಅದೇ ೧೪೧೯ರಲ್ಲಿ ತ್ಸೋಂಗ್‌ಖಾಪಾನು ಗಾಂದೆನ್ ಮಠದಲ್ಲಿಯೇ ದೇಹತ್ಯಾಗ ಮಾಡಿದನು.

ಆ ಪೀಠದ ಒಂದು ಕಟ್ಟಳೆಯು ಇಲ್ಲಿ ಲಕ್ಷ್ಯಕ್ಕೆ ತಕ್ಕುದಾಗಿದೆ. ತ್ಸೋಂಗ್‌ಖಾಪಾನ ಪೀಠವನ್ನೇರುವವನಿಗೆ 'ಗಾಂದೆನ್ ಟ್ರಿಪಾ' ಎಂದು ಹೆಸರು. ಈ ಅಧಿಕಾರವು ವಂಶದಿಂದ ಬರುವುದಿಲ್ಲ. ಪುನರ್ಜನ್ಮದ ಗುರುತಿನಿಂದಲೂ ಬರುವುದಿಲ್ಲ. ದೀರ್ಘಕಾಲ ಶಾಸ್ತ್ರಾಭ್ಯಾಸ ಮಾಡಿ, ವಾದಗಳಲ್ಲಿ ನಿಂತು ಗೆದ್ದು, ಕ್ರಮಕ್ರಮವಾಗಿ ಮೇಲಿನ ಸ್ಥಾನಗಳನ್ನು ದಾಟಿ ಬಂದವನಿಗೆ ಮಾತ್ರ ಅದು ದೊರೆಯುವುದು. ಅದೂ ಏಳು ವರ್ಷಗಳ ಅವಧಿಗೆ. ಯೋಗ್ಯತೆಯುಳ್ಳ ಯಾವ ತಾಯಿಯ ಮಗನಿಗಾದರೂ ಗಾಂದೆನ್ ಪೀಠವು ತೆರೆದೇ ಇರುವುದೆಂದು ಆ ಜನರಲ್ಲಿ ನಾಣ್ಣುಡಿಯುಂಟು.

ಇನ್ನು ದೀಪಗಳ ವಿಷಯ. ಟಿಬೆಟ್ಟಿನವರು ದೀಪವನ್ನು 'ಮರ್‌ಮೆ' ಎನ್ನುವರು. ಬೆಣ್ಣೆಯ ಬೆಂಕಿ ಎಂದು ಅದರ ಅರ್ಥ. ಎಣ್ಣೆಕಾಳುಗಳು ದುರ್ಲಭವಾದ ಆ ಶೀತಪ್ರಸ್ಥಭೂಮಿಯಲ್ಲಿ ಚಮರೀಮೃಗದ ಹಾಲಿನ ಬೆಣ್ಣೆಯೇ ದೀಪಕ್ಕೆ ಆಧಾರವು. ಕಾಲುಳ್ಳ ಹಿತ್ತಾಳೆಯ ಬಟ್ಟಲಿನ ತಳದಲ್ಲಿ ಸಣ್ಣ ತೂತೊಂದಿರುವುದು. ಹತ್ತಿಯನ್ನು ಸಣ್ಣ ಕಡ್ಡಿಗೆ ಸುತ್ತಿ ಮಾಡಿದ ಬತ್ತಿಯನ್ನು ಆ ತೂತಿನಲ್ಲಿ ನೆಟ್ಟು, ಕರಗಿಸಿದ ಬೆಣ್ಣೆಯನ್ನು ಸುತ್ತಲೂ ಸುರಿಯುವರು. ಚಳಿಗೆ ಅದು ಹೆಪ್ಪುಗಟ್ಟಿ ಬತ್ತಿಯು ನೆಟ್ಟಗೆ ನಿಲ್ಲುವುದು. ಹಚ್ಚುವವರು ತಮ್ಮ ಉಸಿರು ದೀಪಕ್ಕೆ ತಾಗದಂತೆ ಬಾಯಿಗೆ ಬಟ್ಟೆಯನ್ನು ಕಟ್ಟಿಕೊಳ್ಳುವುದುಂಟು. ೧೯೫೯ಕ್ಕೆ ಮೊದಲು ಈ ದಿನದ ಸಂಜೆ ಲ್ಹಾಸಾ ನಗರದಲ್ಲಿ ಮಠಗಳ ಮಾಳಿಗೆಗಳ ಮೇಲೆ, ಮನೆಗಳ ಕಿಟಕಿಗಳಲ್ಲಿ ದೀಪಗಳ ಸಾಲುಗಳು ಬೆಳಗುತ್ತಿದ್ದವು. ಜನರು ತ್ಸೋಂಗ್‌ಖಾಪಾನ ಸ್ತೋತ್ರವನ್ನು ಹೇಳುತ್ತ ಜೋಖಾಂಗ್ ದೇವಾಲಯವನ್ನು ಪ್ರದಕ್ಷಿಣೆ ಮಾಡುತ್ತಿದ್ದರು.

ಬೆಳಗಿದ ದೀಪದಿಂದ ಗುರುವಿಗೆ ಏನಾದರೂ ದೊರೆಯುವುದೆಂದು ಅವರ ಶಾಸ್ತ್ರವು ಹೇಳುವುದಿಲ್ಲ. ಅಜ್ಞಾನವೇ ಕತ್ತಲೆ, ಹಚ್ಚುವವನ ಒಳಗಿನ ಕತ್ತಲೆಯು ಹರಿಯಲೆಂಬುದೇ ಸಂಕಲ್ಪವು. ಈ ಭಾವವನ್ನು ತಿಳಿಸುವ ಹಳೆಯ ಬೌದ್ಧಕಥೆಯೊಂದುಂಟು. ಅರಸರೂ ಶ್ರೀಮಂತರೂ ಬುದ್ಧನ ಮುಂದೆ ಸಾವಿರಾರು ದೀಪಗಳನ್ನಿಟ್ಟುದನ್ನು ಕಂಡು, ದರಿದ್ರಳಾದ ಹೆಂಗಸೊಬ್ಬಳು ದಿನವಿಡೀ ಭಿಕ್ಷೆ ಬೇಡಿ, ದೊರೆತ ಒಂದು ಕಾಸಿಗೆ ಎಣ್ಣೆಯನ್ನು ಕೊಂಡು ಒಂದೇ ದೀಪವನ್ನು ಹಚ್ಚಿದಳು. ಬೆಳಗಾಗುವಾಗ ಮಿಕ್ಕ ದೀಪಗಳೆಲ್ಲವೂ ನಂದಿದ್ದವು. ಆಕೆಯ ದೀಪವೊಂದೇ ಉರಿಯುತ್ತಿತ್ತು. ಹಗಲಿಗೆ ದೀಪವೇಕೆಂದು ಮೌದ್ಗಲ್ಯಾಯನನು ಅದನ್ನು ಆರಿಸಹೋದರೂ ಅದು ಆರಲಿಲ್ಲ. ಸರ್ವಜೀವಿಗಳ ಹಿತವನ್ನು ಬಯಸಿ ಹಚ್ಚಿದ ದೀಪವನ್ನು ಆರಿಸುವುದು ಯಾರಿಂದಲೂ ಆಗದೆಂದು ಬುದ್ಧನು ಹೇಳಿದನಂತೆ.

ಈ ಹಬ್ಬವು ಟಿಬೆಟ್ಟಿಗೆ ಮಾತ್ರ ಸೀಮಿತವಾದುದಲ್ಲ. ತ್ಸೋಂಗ್‌ಖಾಪಾನ ಪರಂಪರೆಯು ಹೋದಲ್ಲೆಲ್ಲ ಅವನ ದೀಪವೂ ಹೋಯಿತು. ಲದಾಖದಲ್ಲಿ ಇದಕ್ಕೆ 'ಗಾಲ್ದನ್ ನಾಮ್‌ಚೋತ್' ಎನ್ನುವರು. ಲೇಹ್ ಪಟ್ಟಣದ ಮಠಗಳೂ ಮನೆಗಳೂ ಕಚೇರಿಗಳೂ ಆ ರಾತ್ರಿ ದೀಪಗಳಿಂದ ತುಂಬುವವು. ಅಲ್ಲಿಯವರ ಹೊಸ ವರ್ಷದ ಸಂಭ್ರಮವು ಅಂದಿನಿಂದಲೇ ಆರಂಭವಾಗುವುದು. ಮಂಗೋಲಿಯಾದಲ್ಲಿಯೂ ಸೈಬೀರಿಯಾದ ಬುರ್ಯಾತರಲ್ಲಿಯೂ ಅದೇ ದಿನ ಅದೇ ದೀಪ.

ಯುರೋಪು ಖಂಡದಲ್ಲಿಯೂ ಈ ದೀಪವನ್ನು ಹಚ್ಚುವ ಜನರಿದ್ದಾರೆಂಬುದು ಅನೇಕರಿಗೆ ಆಶ್ಚರ್ಯವಾದೀತು. ವೋಲ್ಗಾ ನದಿಯ ಕೆಳಭಾಗದಲ್ಲಿ ನೆಲೆಸಿದ ಕಲ್ಮಿಕರು ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಮಂಗೋಲ ಬುಡಕಟ್ಟಿನವರು. ಇವರು ಈ ಹಬ್ಬವನ್ನು 'ಜುಲ್', ಅಂದರೆ ದೀಪ, ಎಂದೇ ಕರೆಯುವರು. ಹಿಟ್ಟಿನಿಂದ ದೋಣಿಯಾಕಾರದ ಹಣತೆಯನ್ನು ಮಾಡಿ, ಹುಲ್ಲಿನ ಕಡ್ಡಿಗಳಿಗೆ ಹತ್ತಿಯನ್ನು ಸುತ್ತಿ ಬತ್ತಿಗಳನ್ನಾಗಿಸಿ ಅದರಲ್ಲಿ ನೆಡುವರು. ಮನುಷ್ಯನ ವಯಸ್ಸೆಷ್ಟೋ ಅದಕ್ಕಿಂತ ಒಂದು ಹೆಚ್ಚಿನ ಬತ್ತಿ. ಏಕೆಂದರೆ ಹುಟ್ಟಿದ ದಿನವು ಯಾವುದೇ ಇರಲಿ, ಅಂದು ಎಲ್ಲರಿಗೂ ಒಂದು ವಯಸ್ಸು ಕೂಡುವುದು. ಈ ಜನಾಂಗದ ದೇವಾಲಯಗಳನ್ನು ೧೯೩೦ರ ನಂತರದ ದಶಕದಲ್ಲಿ ಸೋವಿಯತ್ ಸರಕಾರವು ಮುಚ್ಚಿತು. ೧೯೪೩ರ ಡಿಸೆಂಬರ್ ೨೮ರಂದು ಇಡೀ ಜನಾಂಗವನ್ನೇ, ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು, ರೈಲುಗಾಡಿಗಳಲ್ಲಿ ತುಂಬಿ ಸೈಬೀರಿಯಾದ ಕಡೆಗೆ ಗಡೀಪಾರು ಮಾಡಿತು. ಚಳಿಗೂ ಹಸಿವಿಗೂ ಸಹಸ್ರಾರು ಜನರು ಬಲಿಯಾದರು. ೧೯೫೭ರ ಸುಮಾರಿನಲ್ಲಿ ಉಳಿದವರು ಹಿಂದಿರುಗಿದರು. ೨೦೦೫ರ ಡಿಸೆಂಬರಿನಲ್ಲಿ ಅವರ ರಾಜಧಾನಿಯಾದ ಎಲಿಸ್ತಾದಲ್ಲಿ ದೊಡ್ಡ ಬುದ್ಧಮಂದಿರವು ತೆರೆಯಿತು. ಜುಲ್ ಹಬ್ಬವು ಈಗ ಅಲ್ಲಿ ಸಾರ್ವಜನಿಕ ರಜೆಯ ದಿನವಾಗಿರುವುದು.

ಮೂಲಮಠಕ್ಕೂ ಇಂತಹದೇ ಗತಿಯು ಒದಗಿತು. ೧೯೫೯ರ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನರು ಹಿಮಾಲಯವನ್ನು ದಾಟಿದರು. ೧೯೬೬ರಲ್ಲಿ ಆರಂಭವಾದ ಚೀನದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಗಾಂದೆನ್ ಮಠವನ್ನು ನೆಲಸಮ ಮಾಡಲಾಯಿತು. ತ್ಸೋಂಗ್‌ಖಾಪಾನ ದೇಹವನ್ನಿಟ್ಟಿದ್ದ ಸ್ತೂಪವೂ ಉಳಿಯಲಿಲ್ಲ. ೧೯೮೦ರ ಈಚೆಗೆ ಅಲ್ಲಿ ಮತ್ತೆ ಕಟ್ಟಡಗಳು ಎದ್ದಿವೆ.

ಮಠವು ಹಾಳಾದರೆ ಗುರುವಿನ ದೀಪವನ್ನು ಎಲ್ಲಿ ಹಚ್ಚಬೇಕು? ಭಾರತಕ್ಕೆ ಬಂದ ಸಂನ್ಯಾಸಿಗಳಲ್ಲಿ ಸುಮಾರು ೧,೫೦೦ ಮಂದಿಯನ್ನು ಬಂಗಾಳದ ಭೂತಾನ ಗಡಿಯಲ್ಲಿರುವ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಸೆರೆಯಿಟ್ಟಿದ್ದ ಸ್ಥಳವೇ ಅದು. ಶೀತದೇಶದಿಂದ ಬಂದವರಿಗೆ ಅಲ್ಲಿಯ ಸೆಕೆಯೂ ತೇವವೂ ಒಗ್ಗಲಿಲ್ಲ. ಕ್ಷಯರೋಗವು ಹಬ್ಬಿ ಅನೇಕರು ತೀರಿಕೊಂಡರು. ಆದಾಗ್ಯೂ ಪಾಠವು ನಿಲ್ಲಲಿಲ್ಲ. ಬದುಕಿದ್ದ ಪಂಡಿತರು ತಮಗೆ ಕಂಠಸ್ಥವಾಗಿದ್ದ ಶಾಸ್ತ್ರಗಳನ್ನು ಎಳೆಯ ಸಂನ್ಯಾಸಿಗಳಿಗೆ ಹೇಳಿಕೊಟ್ಟರು, ವಾದಸಭೆಗಳೂ ನಡೆದವು.

ಈ ನಿರಾಶ್ರಿತರಿಗೆ ನೆಲೆಯನ್ನು ಕೊಡುವುದರಲ್ಲಿ ಆಗಿನ ಮೈಸೂರು ರಾಜ್ಯವು ಮುಂದಾಯಿತು. ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯು ಅವರಿಗೆ ದೊರೆಯಿತು; ೧೯೬೬ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿಯೂ ವಸತಿಯು ಏರ್ಪಟ್ಟಿತು. ಈ ಕಾರ್ಯದಲ್ಲಿ ಎಸ್. ನಿಜಲಿಂಗಪ್ಪನವರು ತೋರಿದ ಔದಾರ್ಯವನ್ನು ದಲಾಯಿ ಲಾಮಾ ಅವರು ಅನೇಕ ಸಲ ಕೃತಜ್ಞತೆಯಿಂದ ನೆನೆದಿರುವರು. ೧೯೬೯-೭೦ರ ಸುಮಾರಿಗೆ ಬಕ್ಸಾದ ಸಂನ್ಯಾಸಿಗಳು ಕನ್ನಡನಾಡಿಗೆ ಬಂದರು: ಗಾಂದೆನ್, ದ್ರೆಪುಂಗ್ ಮಠಗಳವರು ಮುಂಡಗೋಡಿಗೆ, ಸೆರಾ ಮಠದವರು ಬೈಲಕುಪ್ಪೆಗೆ. ಶಾಸ್ತ್ರಗ್ರಂಥವನ್ನು ಹಿಡಿದ ಕೈಗಳೇ ಕಾಡನ್ನು ಕಡಿದವು, ನೆಲವನ್ನು ಉತ್ತವು, ಮೆಕ್ಕೆಜೋಳವನ್ನು ಬೆಳೆದವು.

ಆ ಮೊದಲಿನ ಕಷ್ಟದ ದಿನಗಳು ಕಳೆದು, ಇಂದು ಅಲ್ಲಿ ವಿಶಾಲವಾದ ಪ್ರಾರ್ಥನಾಮಂದಿರಗಳೂ ಸಹಸ್ರಾರು ವಿದ್ಯಾರ್ಥಿಗಳೂ ಇರುವರು. ಗಾಂದೆನ್ ಮಠದ ಎರಡು ವಿದ್ಯಾಶಾಲೆಗಳಾದ ಶಾರ್ತ್ಸೆ ಮತ್ತು ಜಾಂಗ್ತ್ಸೆ ಅದೇ ಹೆಸರಿನಿಂದ ಮುಂದುವರಿದಿವೆ. ಚಮರೀಮೃಗದ ಬೆಣ್ಣೆಯು ಈ ಬಯಲುಸೀಮೆಯ ಅಂಚಿನಲ್ಲಿ ಎಲ್ಲಿಂದ ಬರಬೇಕು? ಆದುದರಿಂದ ವನಸ್ಪತಿ ತುಪ್ಪವನ್ನು ಉಪಯೋಗಿಸುವರು. ಹೊಗೆಯಿಂದ ಭಿತ್ತಿಚಿತ್ರಗಳು ಕೆಡದಂತೆ, ಬೆಂಕಿಯ ಅಪಾಯವೂ ಒದಗದಂತೆ, ದೀಪಗಳಿಗಾಗಿ ಗಾಜಿನ ಪ್ರತ್ಯೇಕ ಮನೆಗಳನ್ನು ಕಟ್ಟುವುದೂ ವಾಡಿಕೆಯಾಗಿರುವುದು. ಮಾಳಿಗೆಗಳ ಮೇಲೆ ವಿದ್ಯುದ್ದೀಪಗಳ ಸರಗಳೂ ಬಂದಿವೆ. ತ್ಸೋಂಗ್‌ಖಾಪಾನು ದೇಹವನ್ನು ಬಿಟ್ಟು ೬೦೦ ವರ್ಷಗಳಾದ ೨೦೧೯ರ ಡಿಸೆಂಬರಿನಲ್ಲಿ ದಲಾಯಿ ಲಾಮಾ ಅವರು ಮುಂಡಗೋಡಿನಲ್ಲಿಯೇ ಇದ್ದು ಈ ಹಬ್ಬದಲ್ಲಿ ಪಾಲ್ಗೊಂಡರು. ಆರು ಶತಮಾನಗಳ ಕೆಳಗೆ ಹಿಮಪರ್ವತದ ಮೇಲೆ ತೀರಿಕೊಂಡ ಗುರುವಿನ ಪುಣ್ಯದಿನವು ಮಲೆನಾಡಿನ ಸೆರಗಿನ ಬತ್ತದ ಗದ್ದೆಗಳ ನಡುವೆ ನೆರವೇರಿತು.

ಬೆಣ್ಣೆಯನ್ನು ಸುಡುವುದಕ್ಕಿಂತ ಹಸಿದವರಿಗೆ ಹಾಕುವುದು ಲೇಸಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ಭಿಕ್ಷುಕಿಯ ಒಂದೇ ದೀಪದ ಕಥೆಯು ಅದಕ್ಕೆ ಅರ್ಧ ಉತ್ತರವನ್ನು ಕೊಡುವುದು: ಸಾವಿರ ದೀಪಗಳ ಆಡಂಬರಕ್ಕೆ ಅಲ್ಲಿ ಬೆಲೆಯಿಲ್ಲ. ಮಿಕ್ಕ ಅರ್ಧವನ್ನು ಬಕ್ಸಾ ಕೋಟೆಯ ಸಂನ್ಯಾಸಿಗಳು ಕೊಟ್ಟಿರುವರು. ದೇಶ ಹೋಗಿ, ಮಠ ಹೋಗಿ, ಗುರುವಿನ ಗದ್ದುಗೆಯೂ ಹೋದ ಮೇಲೆ ಅವರ ಬಳಿಯಲ್ಲಿ ಉಳಿದದ್ದು ಕಲಿತ ವಿದ್ಯೆ, ಹಿಡಿದ ವ್ರತ, ಗುರುವಿನ ನೆನಪು. ಇವುಗಳನ್ನು ಅವರು ಬಿಡದೆ ಇದ್ದುದರಿಂದಲೇ ಗಾಂದೆನ್ ಎಂಬ ಹೆಸರು ಪರದೇಶದಲ್ಲಿಯೂ ಬದುಕಿತು. ಅವರು ಪಾಠವನ್ನು ಬಿಟ್ಟಿದ್ದರೆ, ಎಷ್ಟು ದೀಪಗಳನ್ನು ಹಚ್ಚಿದರೂ ಅದು ಬರಿಯ ಬೆಳಕಾಗುತ್ತಿತ್ತು, ಗುರುಪೂಜೆಯಾಗುತ್ತಿರಲಿಲ್ಲ.

ಶರಣಬಂಧುಗಳೇ, ಕಟ್ಟಡವು ಮಠದ ದೇಹವು. ಶಿಷ್ಯರ ವಿದ್ಯೆಯೂ ಆಚಾರವೂ ಅದರ ಪ್ರಾಣವು. ದೇಹವು ಒಂದೆಡೆ ಬಿದ್ದರೂ ಪ್ರಾಣವು ಮತ್ತೊಂದೆಡೆ ದೇಹವನ್ನು ಕಟ್ಟಿಕೊಳ್ಳಬಲ್ಲುದೆಂಬುದಕ್ಕೆ ಮುಂಡಗೋಡು ಸಾಕ್ಷಿಯಾಗಿರುವುದು. ಡಿಸೆಂಬರಿನ ಆ ಕತ್ತಲೆಯ ಸಂಜೆ ಅಲ್ಲಿ ಒಬ್ಬ ಸಂನ್ಯಾಸಿಯು ತನ್ನ ದೀಪವನ್ನು ಹೊತ್ತಿಸಿ, ಅದರಿಂದ ಪಕ್ಕದವನ ದೀಪವನ್ನು ಹೊತ್ತಿಸುವನು. ಕೊಟ್ಟ ದೀಪವು ಕುಂದುವುದಿಲ್ಲ; ಕೊಂಡ ದೀಪವು ಬೆಳಗುವುದು. ಗುರುಶಿಷ್ಯ ಸಂಬಂಧದ ಮರ್ಮವೂ ಇಷ್ಟೇ.